ಮೊಟ್ಟೆಯ ಬಣ್ಣ, ಗರಿಯ ಬಣ್ಣ: ಹಿತ್ತಲ ಕೋಳಿಯ ಲೆಕ್ಕ



ಕಳೆದ ತಿಂಗಳು ಭಾನುವಾರದ ಬಲಿಪೂಜೆ ಮುಗಿದ ಮೇಲೆ ಮಹಿಳಾ ಸಂಘದ ಐದಾರು ತಾಯಂದಿರು ಗುರುನಿವಾಸದ ಜಗಲಿಗೆ ಬಂದರು. ಒಬ್ಬರ ಕೈಯಲ್ಲಿ ಮೊಬೈಲು. ಅದರಲ್ಲಿ ತಿಳಿನೀಲಿ ಮೊಟ್ಟೆ, ಗಾಢ ಕಂದು ಮೊಟ್ಟೆ, ಬೂದುನೀಲಿ ಗರಿಯ ಕೋಳಿಗಳ ಚಿತ್ರಗಳು. "ಸ್ವಾಮಿ, ಈ ಮರಿಗಳನ್ನ ಮನೆಗೇ ತಂದು ಕೊಡ್ತಾರಂತೆ. ಸಂಘದ ಉಳಿತಾಯದಲ್ಲಿ ಇಪ್ಪತ್ತು ಜೋಡಿ ತಗೊಳ್ಳೋಣ ಅಂತಿದ್ದೀವಿ. ನೀವೇನಂತೀರಿ?" ಎಂದು ಕೇಳಿದರು.

"ಬೇಡಮ್ಮಾ" ಎಂದುಬಿಟ್ಟೆ. ಅವರು ಮುಖ ಸಪ್ಪೆ ಮಾಡಿಕೊಂಡು ಹೋದರು. ಆಮೇಲೆ ಯೋಚಿಸಿದಾಗ ನನ್ನ ಉತ್ತರ ಅರ್ಧ ಸರಿ, ಅರ್ಧ ತಪ್ಪು ಎನ್ನಿಸಿತು. ಆ ಅರ್ಧ ತಪ್ಪನ್ನು ತಿದ್ದಿಕೊಳ್ಳಲು ಈ ತಿಂಗಳ ಅಂಕಣ.

ಮೊದಲು ಸರಿಯಾದ ಅರ್ಧ. 2012ರಲ್ಲಿ ಪೆರುಂದುರೈ ಕಡೆಯ ಎಮು ಕಂಪನಿಗಳು ಮುಳುಗಿದ್ದನ್ನು ಸೇಲಂ, ಧರ್ಮಪುರಿ ಜಿಲ್ಲೆಗಳ ರೈತರು ಮರೆತಿಲ್ಲ. ಮರಿಯನ್ನು ನಾವೇ ಕೊಡುತ್ತೇವೆ, ನಾವೇ ಕೊಳ್ಳುತ್ತೇವೆ, ತಿಂಗಳು ತಿಂಗಳು ಹಣ ಕೊಡುತ್ತೇವೆ ಎಂದ ಮಾತನ್ನು ನಂಬಿ ಸಾವಿರಾರು ಜನ ಹಣ ಕಳೆದುಕೊಂಡರು. ಕೊನೆಗೆ ಮೇವಿಲ್ಲದೆ ಆ ಹಕ್ಕಿಗಳೂ ಸತ್ತವು. 2019ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಕಡೆ ಕಡಕ್‌ನಾಥ್ ಕೋಳಿಯ ಹೆಸರಿನಲ್ಲಿ ಇದೇ ಕಥೆ ನಡೆಯಿತು. ಕಡಕ್‌ನಾಥ್ ಒಳ್ಳೆಯ ತಳಿಯೇ, ತಪ್ಪು ಕೋಳಿಯದಲ್ಲ. ಅಪರೂಪದ ಬಣ್ಣ ತೋರಿಸಿ ಬಡವರ ಉಳಿತಾಯಕ್ಕೆ ಕೈ ಹಾಕಿದವರದು.

ಇನ್ನು ತಪ್ಪಾದ ಅರ್ಧ. ಬಣ್ಣಕ್ಕಾಗಿ ಕೋಳಿ ಬೆಳೆಸುವುದರಲ್ಲಿ ಕೆಟ್ಟದ್ದೇನೂ ಇಲ್ಲ. ಚೆಂದದ ಹುಂಜ ಅಂಗಳದಲ್ಲಿ ಓಡಾಡಿದರೆ ಕಣ್ಣಿಗೆ ಹಬ್ಬ. ಅದೂ ದೇವರ ಸೃಷ್ಟಿಯೇ. ಆದರೆ ಅದಕ್ಕೆ ಇಪ್ಪತ್ತು ಜೋಡಿ ಬೇಕಿಲ್ಲ. ಒಂದು ಹುಂಜ, ಒಂದು ನೋಟುಪುಸ್ತಕ, ಎರಡು ವರ್ಷದ ತಾಳ್ಮೆ ಸಾಕು. ಬಣ್ಣವನ್ನು ದುಡ್ಡು ಕೊಟ್ಟು ತರುವುದಕ್ಕಿಂತ ಹಿತ್ತಲಲ್ಲಿ ಬೆಳೆಸುವುದು ಮೇಲು ಎಂಬುದೇ ನನ್ನ ಅಭಿಪ್ರಾಯ. ಹೇಗೆಂದು ಹೇಳುತ್ತೇನೆ.

ಯಕೋಬನ ಕೋಲು, ಮೆಂಡಲನ ಲೆಕ್ಕ

ಆದಿಕಾಂಡದ 30ನೇ ಅಧ್ಯಾಯ ನಿಮಗೆ ಗೊತ್ತು. ಮಾವ ಲಾಬಾನನ ಮಂದೆಯಲ್ಲಿ ಚುಕ್ಕೆ, ಮಚ್ಚೆಯ ಮರಿಗಳು ಹುಟ್ಟಲೆಂದು ಯಕೋಬನು ಸಿಪ್ಪೆ ಸುಲಿದ ಕೋಲುಗಳನ್ನು ನೀರಿನ ತೊಟ್ಟಿಯ ಬಳಿ ನಿಲ್ಲಿಸಿದ. ತಾಯಿ ಕಂಡದ್ದು ಮರಿಗೆ ಬರುತ್ತದೆ ಎಂಬುದು ಆ ಕಾಲದ ನಂಬಿಕೆ. ಆದರೆ ಮುಂದಿನ ಅಧ್ಯಾಯದಲ್ಲಿ ಅವನಿಗೆ ಬಿದ್ದ ಕನಸನ್ನು ಓದಿ ನೋಡಿ. ಮಂದೆಯ ಮೇಲೆ ಹಾರುತ್ತಿದ್ದ ಟಗರು, ಹೋತಗಳೇ ಪಟ್ಟೆ, ಚುಕ್ಕೆಯವು ಎಂದು ಅಲ್ಲಿ ಅವನಿಗೆ ತೋರಿಸಲಾಗುತ್ತದೆ. ಬಣ್ಣ ಬಂದದ್ದು ಕೋಲಿನಿಂದಲ್ಲ, ರಕ್ತದಿಂದ.

ಆ ರಕ್ತದ ಲೆಕ್ಕವನ್ನು ಮೊದಲು ಬಿಡಿಸಿದವರೂ ಒಬ್ಬ ಕಥೋಲಿಕ ಗುರುವೇ. ಬ್ರನೋ ಪಟ್ಟಣದ ಅಗಸ್ಟೀನ್ ಸಭೆಯ ಗ್ರೆಗರ್ ಮೆಂಡಲ್ ಮಠದ ತೋಟದಲ್ಲಿ ಬಟಾಣಿ ಗಿಡಗಳನ್ನು ವರ್ಷಗಟ್ಟಲೆ ಬೆಳೆಸಿ, ಒಂದೊಂದನ್ನೂ ಎಣಿಸಿ, 1866ರಲ್ಲಿ ಫಲಿತಾಂಶ ಪ್ರಕಟಿಸಿದರು. ಯಾರೂ ಗಮನಿಸಲಿಲ್ಲ. ಅವರು ತೀರಿಕೊಂಡ ಹದಿನಾರು ವರ್ಷಗಳ ಮೇಲೆ, 1900ರಲ್ಲಿ, ಲೋಕ ಕಣ್ಣು ತೆರೆಯಿತು. 1902ರಲ್ಲಿ ಇಂಗ್ಲೆಂಡಿನ ಬೇಟ್ಸನ್ ಅದೇ ನಿಯಮ ಪ್ರಾಣಿಗಳಿಗೂ ಅನ್ವಯಿಸುತ್ತದೆಂದು ತೋರಿಸಿದ್ದು ಕೋಳಿಯ ಜುಟ್ಟಿನ ಆಕಾರವನ್ನು ಎಣಿಸಿಯೇ.

ಈಗ ಮೊಬೈಲಿನ ಬೂದುನೀಲಿ ಕೋಳಿಗೆ ಬರೋಣ. ಅಂಥ ಎರಡನ್ನು ಜೊತೆಗೆ ಬಿಟ್ಟರೆ, ಸರಾಸರಿ ನಾಲ್ಕು ಮರಿಗಳಲ್ಲಿ ಎರಡು ಮಾತ್ರ ಬೂದುನೀಲಿ. ಒಂದು ಕರಿ, ಇನ್ನೊಂದು ಚುಕ್ಕೆ ಚೆಲ್ಲಿದ ಮಾಸಲು ಬಿಳಿ. ಜೋಡಿ ಮಾರುವವನು ಇದನ್ನು ಹೇಳುವುದಿಲ್ಲ. ಆದರೆ ಆ ಮಾಸಲು ಬಿಳಿ ಹುಂಜವನ್ನು ನಮ್ಮ ಹಿತ್ತಲಿನ ಅಪ್ಪಟ ಕರಿ ಹೇಟೆಗಳ ಜೊತೆ ಬಿಟ್ಟರೆ ಹುಟ್ಟುವ ಮರಿಗಳೆಲ್ಲ ಬೂದುನೀಲಿಯೇ. ಇಪ್ಪತ್ತು ಜೋಡಿಯ ಕೆಲಸವನ್ನು ಒಂದು ಹುಂಜ ಮಾಡಿತು!

ಬಣ್ಣದಿಂದ ಇನ್ನೊಂದು ಉಪಯೋಗವೂ ಉಂಟು. ಮೈತುಂಬ ಅಡ್ಡಪಟ್ಟೆಯಿರುವ ಹೇಟೆಗೆ ಪಟ್ಟೆಯಿಲ್ಲದ ಕರಿ ಹುಂಜವನ್ನು ಕೂಡಿಸಿದರೆ, ಹುಟ್ಟಿದ ದಿನವೇ ಗಂಡು ಮರಿಯ ತಲೆಯ ಮೇಲೆ ಬಿಳಿ ಬೊಟ್ಟು ಕಾಣುತ್ತದೆ, ಹೆಣ್ಣಿಗೆ ಇರುವುದಿಲ್ಲ. ಹುಂಜ ಯಾವುದು, ಹೇಟೆ ಯಾವುದು ಎಂದು ತಿಂಗಳುಗಟ್ಟಲೆ ಕಾಯಬೇಕಿಲ್ಲ.

ಮೊಟ್ಟೆಯ ಬಣ್ಣ

ಚಿಪ್ಪಿನ ಬಣ್ಣ ಮೇವಿನಿಂದ ಬರುವುದಿಲ್ಲ. ಮುಸುಕಿನ ಜೋಳ, ನುಗ್ಗೆ ಸೊಪ್ಪು ಹಾಕಿದರೆ ಹಳದಿ ಭಾಗ ಗಾಢವಾಗುತ್ತದೆ, ಚಿಪ್ಪು ಅಲ್ಲ. ಕಂದು ಬಣ್ಣ ಮೊಟ್ಟೆ ಹೊರಬರುವ ಮೊದಲಿನ ಕೆಲವು ಗಂಟೆಗಳಲ್ಲಿ ಚಿಪ್ಪಿನ ಮೇಲೆ ಲೇಪವಾಗುತ್ತದೆ. ಆದ್ದರಿಂದ ಒಡೆದು ನೋಡಿದರೆ ಒಳಗೆ ಬಿಳುಪು. ನೀಲಿಯಾದರೆ ಚಿಪ್ಪಿನ ಒಳಹೊರಗೆಲ್ಲ ಇಳಿದಿರುತ್ತದೆ. ನೀಲಿಯ ಮೇಲೆ ಕಂದು ಕೂತರೆ ಹಸಿರು.

ನೀಲಿ ಮೊಟ್ಟೆಯ ಗುಣ ದಕ್ಷಿಣ ಅಮೆರಿಕದ ಚಿಲಿ ದೇಶದ ಕೋಳಿಯಿಂದ ಹರಡಿದ್ದು. ಅದು ಒಂದೇ ಅಂಶದಿಂದ ಬರುವ, ಮೇಲುಗೈ ಪಡೆಯುವ ಗುಣವೆಂದು 1933ರಲ್ಲಿ ಪನ್ನೆಟ್ ಎಂಬ ವಿಜ್ಞಾನಿ ತೋರಿಸಿದರು. ತಾಯಿ ತಂದೆ ಎರಡೂ ಕಡೆಯಿಂದ ಆ ಗುಣ ಪಡೆದ ಹುಂಜ ಒಂದು ಸಿಕ್ಕರೆ, ನಮ್ಮ ನಾಟಿ ಹೇಟೆಗಳಲ್ಲಿ ಅದಕ್ಕೆ ಹುಟ್ಟಿದ ಹೆಣ್ಣುಗಳೆಲ್ಲ ನೀಲಿಯೋ ಹಸಿರೋ ಮೊಟ್ಟೆ ಇಡುತ್ತವೆ. ಕಂದು ಬಣ್ಣ ಹಾಗಲ್ಲ. ಅದು ಹಲವು ಅಂಶಗಳು ಸೇರಿ ಬರುವಂಥದ್ದು. ತಲೆಮಾರಿನಿಂದ ತಲೆಮಾರಿಗೆ ಗಾಢವಾದ ಮೊಟ್ಟೆಯನ್ನೇ ಆರಿಸಿ ಕಾವಿಗಿಡಬೇಕು.

ಇಲ್ಲಿ ನಮ್ಮವರು ಮರೆಯುವ ಸಂಗತಿ ಒಂದಿದೆ. ಹುಂಜ ಮೊಟ್ಟೆ ಇಡುವುದಿಲ್ಲ, ಆದರೆ ಮೊಟ್ಟೆಯ ಬಣ್ಣದಲ್ಲಿ ಅರ್ಧ ಪಾಲು ಅದರದು. ಹುಂಜವನ್ನು ಆರಿಸುವಾಗ ಗರಿ ನೋಡಿದರೆ ಸಾಲದು, ಅದು ಯಾವ ಬಣ್ಣದ ಮೊಟ್ಟೆಯಿಂದ ಹುಟ್ಟಿತೆಂದು ಕೇಳಬೇಕು.

ಮಾಡುವ ಕ್ರಮ

ಗುರಿ ಒಂದೇ ಇರಲಿ: ಗರಿಯೋ, ಮೊಟ್ಟೆಯೋ. ಒಂದು ಹುಂಜಕ್ಕೆ ಆರರಿಂದ ಎಂಟು ಹೇಟೆ. ಹೊರಗಿನಿಂದ ತಂದ ಹುಂಜವನ್ನು ಮೂರು ವಾರ ದೂರ ಕಟ್ಟಿ, ರೋಗವಿಲ್ಲವೆಂದು ಕಂಡ ಮೇಲೆ ಬಿಡಿ. ಹಳೆಯ ಹುಂಜವನ್ನು ಬೇರೆ ಮಾಡಿದ ಮೇಲೂ ಮೂರು ವಾರ ಕಾಯಿರಿ. ಅದರ ಬೀಜ ಹೇಟೆಯ ಒಡಲಲ್ಲಿ ಎರಡು ವಾರಕ್ಕೂ ಹೆಚ್ಚು ಉಳಿಯಬಲ್ಲದು. ಅವಸರಪಟ್ಟರೆ ಮರಿ ಯಾರದೆಂದು ತಿಳಿಯದು. ಕಾವಿಗಿಡುವ ಮೊಟ್ಟೆಯ ಮೇಲೆ ಪೆನ್ಸಿಲಿನಿಂದ ಹೇಟೆಯ ಗುರುತು, ತಾರೀಖು ಬರೆಯಿರಿ. ಹೇಟೆಯ ಮೈಗಾತ್ರ ನೋಡಿ ಹತ್ತು ಹನ್ನೆರಡು ಮೊಟ್ಟೆ ಸಾಕು. 21 ದಿನಕ್ಕೆ ಮರಿ; ಅದು ಮೊಟ್ಟೆಗೆ ಬರಲು ಸುಮಾರು ಆರು ತಿಂಗಳು. ಎರಡು ತಲೆಮಾರು ನೋಡಲು ಒಂದೂವರೆ, ಎರಡು ವರ್ಷ. ಮಕ್ಕಳ ಕೈಗೆ ನೋಟುಪುಸ್ತಕ ಕೊಡಿ, ಶಾಲೆಯ ವಿಜ್ಞಾನ ಪಾಠ ಅಲ್ಲೇ ಆಗುತ್ತದೆ.

ಮರಿ ಉಳಿಯದಿದ್ದರೆ ಬಣ್ಣ ಎಲ್ಲಿಂದ? ತಮಿಳಿನಲ್ಲಿ ವೆಳ್ಳೈ ಕಳಿಚ್ಚಲ್ ಎನ್ನುವ ಕೊಕ್ಕರೆ ರೋಗ ಬಂದರೆ ಒಂದೇ ವಾರದಲ್ಲಿ ಹಿತ್ತಲು ಬರಿದಾಗುತ್ತದೆ. ಏಳನೇ ದಿನ ಕಣ್ಣು, ಮೂಗಿಗೆ ಲಸೋಟಾ ಹನಿ, ಎಂಟನೇ ವಾರ ರೆಕ್ಕೆಯಡಿ ಚುಚ್ಚುಮದ್ದು: ಇವೆರಡನ್ನು ತಪ್ಪಿಸಬೇಡಿ. ನಿಮ್ಮೂರಿನ ಪಶು ಆಸ್ಪತ್ರೆಯಲ್ಲಿ ಕೇಳಿ. ಹೊಸೂರಿನ ಬಳಿ ಮತ್ತಿಗಿರಿಯಲ್ಲಿ ತಮಿಳುನಾಡು ಪಶುವೈದ್ಯ ವಿಶ್ವವಿದ್ಯಾಲಯದ ಕೋಳಿ ಸಾಕಣೆ ಕಾಲೇಜೇ ಇದೆ. ಮೊಬೈಲಿನ ವ್ಯಾಪಾರಿಯನ್ನು ಕೇಳುವ ಮೊದಲು ಅಲ್ಲಿಯವರನ್ನು ಕೇಳುವುದು ಲೇಸು.

ಹೇಟೆ ಉಳಿಸಿಕೊಳ್ಳುವಾಗ ಮೊದಲು ನೋಡಬೇಕಾದದ್ದು ಆರೋಗ್ಯ, ಆಮೇಲೆ ಕಾವು ಕೂತು ಹದ್ದು, ಮುಂಗುಸಿಗಳಿಂದ ಮರಿ ಕಾಯುವ ಗುಣ, ಆಮೇಲೆ ಮೊಟ್ಟೆಯ ಸಂಖ್ಯೆ. ಬಣ್ಣ ಕೊನೆಗೆ. ಬಣ್ಣ ಮಂಕೆಂದು ಒಳ್ಳೆಯ ತಾಯಿಯನ್ನು ಮಾರಿದರೆ ಮುಂದಿನ ವರ್ಷ ಮರಿ ಮಾಡಿಸಲು ಯಂತ್ರ ಕೊಳ್ಳಬೇಕಾದೀತು.

ಸಂತೆಯಲ್ಲಿ ಸತ್ಯ

ಕೊನೆಯ ಮಾತು ಮನಸ್ಸಾಕ್ಷಿಯದು. ಬಿಳಿ, ಕಂದು, ನೀಲಿ ಯಾವ ಮೊಟ್ಟೆಯಾದರೂ ಚಿಪ್ಪಿನ ಬಣ್ಣದಿಂದ ಪೌಷ್ಟಿಕತೆ ಹೆಚ್ಚೂ ಆಗದು, ಕಡಿಮೆಯೂ ಆಗದು. ಪಂಜರದ ಹೈಬ್ರಿಡ್ ಕೋಳಿಗಳಲ್ಲೂ ಕಂದು ಮೊಟ್ಟೆ ಇಡುವ ತಳಿಗಳಿವೆ. ಬಿಳಿ ಮೊಟ್ಟೆಗೆ ಟೀ ಡಿಕಾಕ್ಷನ್ ಬಳಿದು ನಾಟಿ ಎಂದು ಮಾರುವ ಮೋಸವೂ ಇದೆ. ನಮ್ಮವರು ಆ ದಾರಿಗೆ ಹೋಗಬಾರದು. "ನಮ್ಮ ಹಿತ್ತಲಲ್ಲಿ ಮೇಯ್ದ ಕೋಳಿಯದು, ಈ ವಾರದ್ದು" ಎಂದು ಹೇಳಿ ಮಾರಿ, ಅದು ನಿಜ. "ನೀಲಿ ಮೊಟ್ಟೆ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ" ಎನ್ನಬೇಡಿ. ಅದು ಸುಳ್ಳು, ಎಂಟನೆಯ ಕಟ್ಟಳೆಗೆ ವಿರುದ್ಧ.

ಇನ್ನೊಂದು ನೋವಿನ ಸಂಗತಿ. ಕೋಳಿ ಸಾಕುವ ಮನೆಗಳಲ್ಲೇ ಮಕ್ಕಳು ಮೊಟ್ಟೆ ಕಾಣದಿರುವುದನ್ನು ನಾನು ಮನೆ ಭೇಟಿಯಲ್ಲಿ ನೋಡಿದ್ದೇನೆ. ಇದ್ದದ್ದೆಲ್ಲ ಸಂತೆಗೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಸಸಾರಜನಕ ಇದೆ. ಬಣ್ಣದ ಮೊಟ್ಟೆಗೆ ಹೆಚ್ಚು ಬೆಲೆ ಬಂದರೆ ಮಾರಿ, ಬೇಡವೆನ್ನುವುದಿಲ್ಲ; ಆದರೆ ಆ ದುಡ್ಡಿನಲ್ಲಿ ಮೊದಲು ನಾಮಕ್ಕಲ್ಲಿನ ಬಿಳಿ ಮೊಟ್ಟೆ ಕೊಂಡು ಮಗುವಿನ ತಟ್ಟೆಗೆ ಹಾಕಿ. ಸತ್ವ ಅಷ್ಟೇ, ಬೆಲೆ ಕಡಿಮೆ. ಮಗುವಿಗೂ ನಷ್ಟವಿಲ್ಲ, ಮನೆಗೂ ನಷ್ಟವಿಲ್ಲ.

ಆ ತಾಯಂದಿರು ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಮತ್ತೆ ಜಗಲಿಗೆ ಬರಲಿ. ಯಾರ ಮನೆಯಲ್ಲಿ ಎಷ್ಟು ಕರಿ ಹೇಟೆ ಇವೆ, ಯಾವುದು ಎಂಥ ಮೊಟ್ಟೆ ಇಡುತ್ತದೆ ಎಂದು ಬರೆದುಕೊಂಡು ಬನ್ನಿ. ಸಂಘದ ಹಣದಲ್ಲಿ ಒಂದೇ ಹುಂಜ ಕೊಳ್ಳೋಣ, ಉಳಿದದ್ದು ಬ್ಯಾಂಕಿನಲ್ಲೇ ಇರಲಿ. ನೋಟುಪುಸ್ತಕ ನನ್ನ ಲೆಕ್ಕದಲ್ಲಿ.

ಪ್ರಭು ನಿಮ್ಮ ಮನೆಯನ್ನೂ ಹಿತ್ತಲನ್ನೂ ಆಶೀರ್ವದಿಸಲಿ.

– ನಿಮ್ಮ ಧರ್ಮಕೇಂದ್ರದ ಗುರು