ಕೂಡದ ಮೂಳೆಯನ್ನು ಹಣೆಬರಹ ಎನ್ನಬೇಡಿ

ಕೊನೆ ತೆಗೆಯುವ ಕಾಲ ಬಂತೆಂದರೆ ನಮ್ಮಲ್ಲಿ ಮಾತೆಲ್ಲ ಧಾರಣೆಯದೇ. ಮರದಿಂದ ಬಿದ್ದವರ ವಿಷಯ ಎರಡು ದಿನದ ಸುದ್ದಿ. ನಮ್ಮ ತೋಟಕ್ಕೆ ಬರುತ್ತಿದ್ದ ಕೊನೆಗಾರನೊಬ್ಬ ಹಾಗೆ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿದುಕೊಂಡ. ನಾಟಿ ಕಟ್ಟು ಹಾಕಿಸಿದ್ದಾಯಿತು, ಎಣ್ಣೆ ಹಚ್ಚಿದ್ದಾಯಿತು. ವರ್ಷವಾದರೂ ಕೋಲೂರಿಯೇ ಓಡಾಟ. ಮುರಿದ ಜಾಗ ಹಿಡಿದರೆ ಇನ್ನೊಂದು ಕೀಲಿನಂತೆ ಅಲುಗುತ್ತಿತ್ತು. ಅವನ ಹಣೆಬರಹ ಎಂದರು ಎಲ್ಲರೂ. ನಾನೂ ಹಾಗೆ ಅಂದವನೇ. ಆ ಮಾತು ತಪ್ಪೆಂದು ಈಗ ಬರೆಯುತ್ತಿದ್ದೇನೆ.

ಒಂಬತ್ತು ತಿಂಗಳಾದರೂ ಕೂಡದೆ, ಕೊನೆಯ ಮೂರು ತಿಂಗಳ ಎಕ್ಸ್‌ರೇಗಳಲ್ಲಿ ಬದಲಾವಣೆಯೇ ಕಾಣದಿದ್ದರೆ ಆ ಮೂಳೆ ತಾನಾಗಿ ಕೂಡುವ ಆಸೆ ಕಡಿಮೆ ಎಂಬುದು ವೈದ್ಯರ ಲೆಕ್ಕ. ಮೊಣಕಾಲ ಕೆಳಗಿನ ಮೂಳೆಗೆ ಮುಂಭಾಗದಲ್ಲಿ ಮಾಂಸದ ಹೊದಿಕೆಯಿಲ್ಲ, ರಕ್ತದ ಪೂರೈಕೆಯೂ ಅಷ್ಟಕ್ಕಷ್ಟೆ. ತುದಿಗಳು ಅಲುಗಾಡಿದರೆ, ಗಾಯ ಕೀವಾದರೆ ಕೆಟ್ಟಿತು. ಬೀಡಿ ಸೇದುವವರಿಗೆ ಇನ್ನೂ ತಡ. (ನಮ್ಮವನು ದಿನಕ್ಕೊಂದು ಕಟ್ಟು ಮುಗಿಸುತ್ತಿದ್ದ.)

ಕಾಫಿಗೆ ಕಸಿ ಕಟ್ಟಿದವರಿಗೆ ಇದರ ಚಿಕಿತ್ಸೆ ಬೇಗ ಅರ್ಥವಾಗುತ್ತದೆ. ಸತ್ತ ಭಾಗವನ್ನು ಕೆತ್ತಿ ತೆಗೆದು, ಜೀವವಿರುವ ಎರಡು ಮುಖಗಳನ್ನು ಸೇರಿಸಿ, ಅಲುಗದಂತೆ ಬಿಗಿಯಬೇಕು. ಮೂಳೆಯೊಳಗೆ ಸರಳು ಹಾಕುತ್ತಾರೆ, ಇಲ್ಲವೇ ಮೇಲೆ ಲೋಹದ ಪಟ್ಟಿಯಿಟ್ಟು ಸ್ಕ್ರೂ ಬಿಗಿಯುತ್ತಾರೆ. ಸಾಲದಿದ್ದರೆ ಸೊಂಟದ ಮೂಳೆಯ ಚೂರುಗಳನ್ನು ತುಂಬುತ್ತಾರೆ. ಮೂಳೆಯ ತುಂಡೇ ಕಳೆದುಹೋಗಿದ್ದರೆ, ಸೈಬೀರಿಯದ ಕುರ್ಗಾನಿನಲ್ಲಿ ಡಾ. ಇಲಿಜಾರೋವ್ 1950ರ ದಶಕದಲ್ಲಿ ರೂಪಿಸಿದ ಬಳೆಗಳ ಚೌಕಟ್ಟು ಇದೆ. ಆರೋಗ್ಯವಾಗಿರುವ ಕಡೆ ಮೂಳೆ ಕತ್ತರಿಸಿ, ದಿನಕ್ಕೆ 1 ಮಿಲಿಮೀಟರಿನಂತೆ ತುಂಡನ್ನು ಸರಿಸುತ್ತ ಹೋದರೆ ಅದರ ಹಿಂದೆ ಹೊಸ ಮೂಳೆ ಬೆಳೆಯುತ್ತ ಬರುತ್ತದೆ. 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದ ವಲೇರಿ ಬ್ರೂಮೆಲ್ ಮರುವರ್ಷ ಮೋಟಾರ್ ಸೈಕಲ್ ಅಪಘಾತದಲ್ಲಿ ಕಾಲು ಮುರಿದುಕೊಂಡರು. ಹಲವು ಶಸ್ತ್ರಚಿಕಿತ್ಸೆಗಳಿಂದಲೂ ಗುಣವಾಗದೆ ಕೊನೆಗೆ ಈ ವೈದ್ಯರಲ್ಲಿಗೇ ಹೋದರು; ಮತ್ತೆ ಜಿಗಿದರು ಕೂಡ.

ನಮ್ಮ ಕೊನೆಗಾರನನ್ನು ಮೂಳೆ ತಜ್ಞರಿಗೆ ತೋರಿಸಿದ್ದು ಹದಿನಾಲ್ಕನೆಯ ತಿಂಗಳಲ್ಲಿ. ಸೊಂಟದ ಮೂಳೆ ತುಂಬಿ ಪಟ್ಟಿ ಹಾಕಿದರು. ಈಗ ಕೋಲಿಲ್ಲದೆ ನಡೆಯುತ್ತಾನೆ. ಮರ ಹತ್ತುವುದಿಲ್ಲ, ಅಡಿಕೆ ಸುಲಿಯಲು ಬರುತ್ತಾನೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಅವನ ಹೆಂಡತಿ ಕೇಳಿದ್ದು ಒಂದೇ ಮಾತು: ಆಸ್ಪತ್ರೆ ಖರ್ಚು ಹೇಗೋ ಆಗುತ್ತದೆ, ಅಲ್ಲಿಯವರೆಗೆ ಒಲೆ ಉರಿಯುವುದು ಹೇಗೆ?

ಸಹಕಾರಿ ಸದಸ್ಯರಾದ ನಮಗೆ ಯಶಸ್ವಿನಿ ಇದೆ. ನಮ್ಮ ಮರ ಹತ್ತುವವನು ನಮ್ಮ ಸಂಘದ ಸದಸ್ಯನಲ್ಲ. ಮಾರಾಟವಾಗುವ ಅಡಿಕೆಯಲ್ಲಿ ಕ್ವಿಂಟಾಲಿಗೆ ಇಷ್ಟೆಂದು ಹಿಡಿದು ಕೊನೆಗಾರರ ನಿಧಿಯೊಂದನ್ನು ಮಾಡಬೇಕು, ಮೂಳೆ ಕೂಡುವ ತನಕ ಆ ಮನೆಗೆ ಅರ್ಧ ಕೂಲಿಯಾದರೂ ಹೋಗಬೇಕು. ಮುಂದಿನ ಮಹಾಸಭೆಯಲ್ಲಿ ಈ ಗೊತ್ತುವಳಿ ಮಂಡಿಸುವವನಿದ್ದೇನೆ. ಅನುಮೋದಿಸಲು ಒಬ್ಬರು ಬೇಕು.