ಬೀರು ಬಡಿಸುವವರ ಹಕ್ಕು

ಬಾರ್ಲಿಯಿಂದ ಬೀರು ತಯಾರಿಸುವ ಕಾರ್ಖಾನೆಯು ರಾಜಧಾನಿಯ ಮಗ್ಗುಲಿನ ಮೋಹನ್ ನಗರದಲ್ಲಿಯೇ ಇದೆ. ಅದನ್ನು ಮಾರಲು ದೆಹಲಿಯ ಹೋಟೆಲುಗಳಿಗೆ ಪರವಾನಗಿಯೂ ಉಂಟು. ಅಡ್ಡಿಯಿದ್ದುದು ಬಡಿಸುವ ಕೈಗಳಿಗೆ! ಮದ್ಯಸೇವನೆಯ ಸ್ಥಳಗಳಲ್ಲಿ ಸ್ತ್ರೀಯರನ್ನೂ 25 ವರ್ಷ ತುಂಬದ ಪುರುಷರನ್ನೂ ನೇಮಿಸಕೂಡದೆಂದು 1914ರ ಪಂಜಾಬ್ ಅಬಕಾರಿ ಕಾಯಿದೆಯ 30ನೆಯ ಕಲಮು ವಿಧಿಸಿತ್ತು. ಹದಿನೆಂಟಕ್ಕೆ ಮತ, ಇಪ್ಪತ್ತೊಂದಕ್ಕೆ ಮದುವೆ. ತಟ್ಟೆ ಹಿಡಿಯಲು ಮಾತ್ರ ಇಪ್ಪತ್ತೈದೇ?

2007ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಷೇಧವನ್ನು ಒಪ್ಪಲಿಲ್ಲ. ರಕ್ಷಣೆಯ ಹೆಸರಿನಲ್ಲಿ ಉದ್ಯೋಗ ಕಸಿಯುವುದಕ್ಕಿಂತ ಭದ್ರತೆ ಒದಗಿಸುವುದೇ ಸರಿಯೆಂದಿತು. ಒದಗಿಸಬೇಕಾದವರು ಯಾರು? ಲಾಭ ಎಣಿಸುವ ಮಾಲೀಕರೇ ಎನ್ನುತ್ತೇವೆ ನಾವು. ನಡುರಾತ್ರಿ ಕೆಲಸ ಮುಗಿಸಿದವರನ್ನು ಮನೆ ಸೇರಿಸುವ ವಾಹನ, ಅಮಲೇರಿದ ಗಿರಾಕಿಯಿಂದ ರಕ್ಷಣೆ ಇವು ಉಪಕಾರವಲ್ಲ, ಸಂಬಳದಷ್ಟೇ ಸಲ್ಲತಕ್ಕವು. ನಮ್ಮ ಹುಡುಗ ಹುಡುಗಿಯರು ನೌಕರಿ ಒಪ್ಪುವ ಮೊದಲೇ ಇವನ್ನು ಬರೆಹದಲ್ಲಿ ಕೇಳಿ ಪಡೆಯಲಿ.