ಗಣತಿಗೆ ಸಿಗದ ಬಿಳಿಗಿರಿಯ ಅಣಬೆಗಳು

ಬಿಳಿಗಿರಿರಂಗನ ಬೆಟ್ಟದಲ್ಲಿ ಹುಲಿಯ ಎಣಿಕೆಗೆ ಕ್ಯಾಮೆರಾ ಉಂಟು, ಆನೆಯ ಎಣಿಕೆಗೆ ಲದ್ದಿಯ ಲೆಕ್ಕ ಉಂಟು. ಅದೇ ಕಾಡಿನಲ್ಲಿ ಮಳೆಗೆ ಎದ್ದು ಕೆಲವೇ ದಿನಗಳಲ್ಲಿ ಕರಗಿಹೋಗುವ ಅಣಬೆಗಳಿಗೆ ಮಾತ್ರ ಅಂಥ ನಿಯತ ಗಣತಿಯಿಲ್ಲ.

ಇದು ಕೇವಲ ವಿಜ್ಞಾನಿಗಳ ಕುತೂಹಲದ ಪ್ರಶ್ನೆಯಲ್ಲ. ಕೊಳ್ಳೇಗಾಲದ ಮುಳ್ಳೂರಿನಂಥ ಬಯಲಿನ ಊರುಗಳಿಂದ ಬೆಟ್ಟದ ಸೋಲಿಗರ ಪೋಡುಗಳವರೆಗೆ ಹುತ್ತದ ಅಣಬೆ ಎಂದರೆ ಮಳೆಗಾಲದ ಊಟ. ಗೆದ್ದಲುಗಳು ತರಗೆಲೆ, ಒಣಕಟ್ಟಿಗೆಗಳನ್ನು ತಿಂದು ಹುತ್ತದೊಳಗೆ ಕಟ್ಟುವ ತೋಟದಲ್ಲಿಯೇ ಈ ಶಿಲೀಂಧ್ರ ಬೆಳೆಯುತ್ತದೆ. ಗೆದ್ದಲಿಗೆ ಅದೇ ಆಹಾರ. ಇದನ್ನು ಮನುಷ್ಯ ಇಂದಿಗೂ ವ್ಯಾವಸಾಯಿಕವಾಗಿ ಬೆಳೆಯಲಾರ. ಕಾಡು ಕೊಟ್ಟರೆ ಉಂಟು, ಇಲ್ಲವಾದರೆ ಇಲ್ಲ.

ಹುಡುಕಿದರೆ ಎಷ್ಟು ಸಿಗಬಹುದೆಂಬುದಕ್ಕೆ ಶಿವಮೊಗ್ಗ ಜಿಲ್ಲೆಯೇ ಸಾಕ್ಷಿ. ಅಲ್ಲಿನ ಅರೆ ನಿತ್ಯಹರಿದ್ವರ್ಣ ಹಾಗೂ ತೇವಭರಿತ ಎಲೆಯುದುರುವ ಕಾಡುಗಳಲ್ಲಿ ಕುವೆಂಪು ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಸಮೀಕ್ಷೆ 2008ರಲ್ಲಿ ಪ್ರಕಟವಾಯಿತು. ದಾಖಲಾದ ದೊಡ್ಡ ಶಿಲೀಂಧ್ರಗಳ ಪ್ರಭೇದಗಳು 778. ಕುರುಚಲು ಕಾಡಿನಿಂದ ಶೋಲಾದವರೆಗೆ ಹಬ್ಬಿದ ಬಿಳಿಗಿರಿ ಇದಕ್ಕಿಂತ ಬಡವಾಗಿರಬೇಕಾದ ಕಾರಣವಿಲ್ಲ.

ಕಾನೂನಿನ ಭಾಷೆಯೂ ಇಲ್ಲಿ ತೊಡಕಿನದು. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನವೆಂದರೆ ‘ಸಸ್ಯಮೂಲದ’ ಉತ್ಪನ್ನ ಎನ್ನುತ್ತದೆ. ಜೇನು, ಮೇಣ, ಅರಗುಗಳಿಗೂ ಆ ಪಟ್ಟಿಯಲ್ಲಿ ಸ್ಥಾನವಿದೆ, ಅಣಬೆಯ ಹೆಸರಿಲ್ಲ. ವಿಜ್ಞಾನದ ದೃಷ್ಟಿಯಲ್ಲಿ ಅಣಬೆ ಸಸ್ಯವೇ ಅಲ್ಲ! 2011ರಲ್ಲಿ ಇಲ್ಲಿನ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆತಿತು. ಆದರೆ ಹೆಸರೇ ಇಲ್ಲದ ವಸ್ತುವಿನ ಮೇಲಣ ಹಕ್ಕು ಅಧಿಕಾರಿಯ ವ್ಯಾಖ್ಯಾನಕ್ಕೆ ಬಿಟ್ಟದ್ದಾಗುತ್ತದೆ.

ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಶಿಲೀಂಧ್ರಗಳ ಸಂಖ್ಯೆ ಸಾವಿರ ದಾಟಿದ್ದೇ 2025ರ ಮಾರ್ಚ್‌ನಲ್ಲಿ. ಪರಿಶೀಲಿಸಿದ 1,300 ಪ್ರಭೇದಗಳಲ್ಲಿ ಕನಿಷ್ಠ 411 ಅಪಾಯದಲ್ಲಿವೆ. ಬಿಳಿಗಿರಿಯಲ್ಲಿ ಲಂಟಾನ ನೆಲವನ್ನು ಆವರಿಸಿಕೊಂಡು ವರ್ಷಗಳೇ ಕಳೆದಿವೆ. ಅದರಿಂದ ಅಣಬೆಗಳಿಗೆ ಏನಾಯಿತೆಂದು ಹೇಳಬೇಕಾದರೆ ಹೋಲಿಕೆಗೊಂದು ಮೊದಲ ಲೆಕ್ಕ ಬೇಡವೇ?

ಸಮೀಕ್ಷೆ ಎಂದೊಡನೆ ಜೂನ್‌ನಲ್ಲಿ ಒಂದು ತಂಡ ಜೀಪಿನಲ್ಲಿ ಬಂದು ಚಿತ್ರ ತೆಗೆದು ಹೋದರೆ ಪ್ರಯೋಜನವಿಲ್ಲ. ಈ ಬೆಟ್ಟಕ್ಕೆ ಮುಂಗಾರು, ಹಿಂಗಾರು ಎರಡೂ ಸುರಿಯುತ್ತವೆ. ಜೂನ್‌ನ ಅಣಬೆ ಬೇರೆ, ಅಕ್ಟೋಬರಿನದು ಬೇರೆ. ಗುರುತಿಸಿದ ಜಾಗಗಳಿಗೇ ಹಲವು ವರ್ಷ, ಮಳೆಗಾಲದುದ್ದಕ್ಕೂ ಮರಳಿ ಹೋಗಬೇಕು. ಆ ಕೆಲಸಕ್ಕೆ ಕಾಡಿನಲ್ಲೇ ವಾಸಿಸುವ ಸೋಲಿಗರಿಗಿಂತ ಅರ್ಹರು ಯಾರು? 2002ರ ಜೀವವೈವಿಧ್ಯ ಕಾಯ್ದೆಯಡಿ ಪಂಚಾಯಿತಿಗಳಲ್ಲಿ ಇರಬೇಕಾದ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಲ್ಯಾಟಿನ್ ಹೆಸರಿನ ಪಕ್ಕದಲ್ಲೇ ಸೋಲಿಗರ ಹೆಸರೂ, ತಿನ್ನುವುದೋ ವಿಷವೋ ಎಂಬ ಅವರ ವಿವರವೂ ಸೇರುವಂತೆ ಅರಣ್ಯ ಇಲಾಖೆ ಹಾಗೂ ಗ್ರಾಮಸಭೆಗಳು ಮುಂದಿನ ಮುಂಗಾರಿಗೆ ಮೊದಲೇ ಒಟ್ಟಿಗೆ ಕೂರಬೇಕಾಗಿದೆ.